ಸಭೆಯ ದೂತ

ದೇವರಿಗೆ ಕಿವಿಯುಂಟೆ ಎಂಬ ಪ್ರಶ್ನೆಯನ್ನು ಎತ್ತುವವನು ನಾನಲ್ಲ. ಉಂಟೆಂದು ಅಂಕೋಲೆಯ ನಮ್ಮ ಕೇರಿಯ ಗುಡಿಯ ಧ್ವನಿವರ್ಧಕವು ದಿನಕ್ಕೆರಡು ಸಲ ಸಾರುತ್ತಲೇ ಇದೆ. ಆ ಕಿವಿ ಸ್ವಲ್ಪ ಮಂದವೆಂಬುದೂ ಅದರ ಅಭಿಪ್ರಾಯವಾಗಿರಬೇಕು. ಬೆಳಗಿನ ಐದೂವರೆಗೆ ಅರ್ಚಕರು ಬಂದು ಒಂದು ಗುಂಡಿ ಒತ್ತುತ್ತಾರೆ. ಯಾರೋ ಎಲ್ಲಿಯೋ ಯಾವಾಗಲೋ ಹಾಡಿದ ಹಾಡು ನಮ್ಮ ತೆಂಗಿನ ತಲೆಗಳ ಮೇಲೆ ಹಾಯ್ದು ಸಮುದ್ರದತ್ತ ಹೋಗುತ್ತದೆ. ಶ್ರುತಿ ಬಿಗಿಯಾಗಿದೆ, ತಾಳ ತಪ್ಪುವುದಿಲ್ಲ, ಕಂಠ ಇಂಪಾಗಿದೆ. ದೂರುವುದಕ್ಕೆ ಏನೂ ಇಲ್ಲ. ಆದರೂ ಕಾರವಾರದಿಂದ ರಜೆಗೆಂದು ಮನೆಗೆ ಬಂದು ಮಲಗಿದ ನನಗೆ ಆ ಹಾಡು ಕಿವಿಗೆ ಬಿದ್ದೊಡನೆ ಮೈಯೆಲ್ಲ ಅಪರಾಧಿಯಂತಾಗುತ್ತದೆ. ಏಕೆಂದರೆ ಆ ಯಂತ್ರ ಕುಳಿತಿರುವ ಜಾಗದಲ್ಲಿ ಒಂದು ಕಾಲಕ್ಕೆ ನನ್ನ ಸೋದರಮಾವ ಕುಳಿತಿದ್ದ. ಅವನು ಎದ್ದುಹೋದ ಮೇಲೆ ಅಲ್ಲಿ ಕೂರುವಂತೆ ಊರಿನವರು ಮೊದಲು ಕೇಳಿದ್ದು ಯಂತ್ರವನ್ನಲ್ಲ, ನನ್ನನ್ನು.

ಮಾಮನಿಗೆ ಕಣ್ಣಿರಲಿಲ್ಲ. ಎರಡು ವರ್ಷದ ಕೂಸಿದ್ದಾಗ ಸಿಡುಬು ಬಂದು ಪ್ರಾಣವನ್ನು ಬಿಟ್ಟು ಕಣ್ಣನ್ನು ಕೊಂಡೊಯ್ದಿತಂತೆ. ಗಟ್ಟಿ ಆಳು, ಅಗಲವಾದ ಎದೆ, ಬೆರಳುಗಳು ಮಾತ್ರ ಹೆಂಗಸರ ಬೆರಳುಗಳಂತೆ ನೀಳ. ಪ್ರತಿ ಸೋಮವಾರ ಸಂಜೆ ಗುಡಿಯ ಜಗಲಿಯ ಮೇಲೆ ಜಮಖಾನೆ ಹಾಸಿ, ಪೇಟಿಯನ್ನು ಎದುರಿಗಿಟ್ಟುಕೊಂಡು, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ ಕೂರುತ್ತಿದ್ದ. ಜನ ಬಂದು ಸೇರುವುದನ್ನು ಅವರ ಕಾಲಸಪ್ಪಳದಿಂದ ಲೆಕ್ಕ ಹಾಕುತ್ತಿದ್ದ. ಹದಿನೈದು ಜೊತೆ ಕಾಲು ಸೇರಿದ ಮೇಲೆ ಪೇಟಿಯ ಬಾತೆಯನ್ನು ಎಳೆಯುತ್ತಿದ್ದ. ಅವನು ಒಂದು ಸಾಲು ಹಾಡಬೇಕು, ಊರು ಅದನ್ನು ಹಿಂದಿನಿಂದ ಎತ್ತಿಕೊಳ್ಳಬೇಕು. ಅಡಿಕೆ ಮಾರಿ ಬಂದವರು, ಶಾಲೆಯ ಮಾಸ್ತರರು, ದೋಣಿಯವರು, ಹೆರಿಗೆಗೆ ಬಂದ ಹೆಣ್ಣುಮಕ್ಕಳು, ಹೀಗೆ ಬೇರೆ ಬೇರೆ ಕಂಠಗಳೆಲ್ಲ ಸೇರಿ ಒಂದು ಗಂಟೆಯ ಹೊತ್ತು ಒಂದೇ ಕಂಠವಾಗುತ್ತಿದ್ದವು. ಕೊನೆಯಲ್ಲಿ ಅವಲಕ್ಕಿ ಪಂಚಕಜ್ಜಾಯ. ನಮ್ಮಂಥ ಹುಡುಗರ ಭಕ್ತಿಗೆ ಅದೇ ಆಧಾರವಾಗಿತ್ತೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನನ್ನ ಕೆಲಸ ಓದುವುದು. ಮೂರನೆಯ ಇಯತ್ತೆಯಿಂದ ಹಿಡಿದು ಎಂ.ಎ.ಗೆಂದು ಧಾರವಾಡಕ್ಕೆ ಹೊರಡುವವರೆಗೆ ನಾನು ಮಾಮನ ಕಣ್ಣಾಗಿದ್ದೆ. ವಚನ, ದಾಸರ ಪದ, ತತ್ವಪದ, ಯಾವ ಪುಸ್ತಕ ಸಿಕ್ಕಿದರೂ ಸರಿ, ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಓದಬೇಕು. ಅವನದೊಂದು ಕ್ರಮವಿತ್ತು. “ಮೊದಲು ಅರ್ಥಕ್ಕೆ ಓದು ತಮಾ, ಆಮೇಲೆ ಅಕ್ಷರಕ್ಕೆ ಓದು, ಕಡೆಗೆ ಉಸಿರಿಗೆ ಓದು” ಎನ್ನುತ್ತಿದ್ದ. ಮೊದಲ ಸಲ ಓದಿದಾಗ ಸುಮ್ಮನೆ ಕೇಳುತ್ತಿದ್ದ. ಎರಡನೆಯ ಸಲ ತುಟಿಯಲ್ಲೇ ಅಂದುಕೊಳ್ಳುತ್ತಿದ್ದ. ಮೂರನೆಯ ಸಲ ಮಾತ್ರ ಎಡಗೈಯನ್ನು ನನ್ನ ಬೆನ್ನಿನ ಮೇಲಿಟ್ಟು, ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೆಂದು ನೋಡುತ್ತಿದ್ದ. ವಚನಕ್ಕೆ ಪದ್ಯದಂತೆ ಮಾತ್ರೆ ಗಣಗಳ ಕಟ್ಟಿಲ್ಲ; ಅದನ್ನು ಹಾಡಬೇಕಾದರೆ ಉಸಿರಿನ ಕಟ್ಟೊಂದೇ ಗತಿ ಎಂದು ಅವನ ಸಿದ್ಧಾಂತ. ಮೂರು ಸಲ ಮುಗಿದರೆ ಆ ವಚನ ಅವನದಾಯಿತು. ಮತ್ತೆ ಪುಸ್ತಕ ಬೇಕಿಲ್ಲ.

ಈ ಓದಿನಲ್ಲಿ ಒಮ್ಮೆ ನಾನು ಒಂದು ಸುಳ್ಳು ಹೇಳಿದೆ. ಈ ಲೇಖನವನ್ನು ಬರೆಯುತ್ತಿರುವುದೇ ಅದಕ್ಕಾಗಿ. ಆದ್ದರಿಂದ ಇಲ್ಲಿಯೇ ಹೇಳಿಬಿಡುವುದು ಮೇಲು. ಆಷಾಢದ ಮಳೆ. ಪುಸ್ತಕದ ಹಾಳೆಗಳು ತೇವ ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಸವಣ್ಣನವರ ವಚನವೊಂದರ ಕರ್ತೃಪದ ಒಂದು ಪುಟದ ತುದಿಯಲ್ಲಿ, ಕ್ರಿಯಾಪದ ಆಚೆ ಪುಟದ ಮೊದಲಲ್ಲಿ. ನಡುವೆ ಹಾಳೆ ಬಿಡಿಸಲು ನನಗೆ ಒಂದು ಕ್ಷಣ ತಡವಾಯಿತು. ಮೂರನೆಯ ಸಲವೂ ಹಾಗೆಯೇ ಆಯಿತು. ಮಾಮ ಹುಬ್ಬು ಗಂಟಿಕ್ಕಿ, “ಅಲ್ಲಿ ಯಾಕೆ ನಿಂತೆ?” ಎಂದು ಕೇಳಿದ. ನಿದ್ದೆ ತೂಗುತ್ತಿತ್ತು, ಮತ್ತೊಮ್ಮೆ ಓದಿಸುತ್ತಾನೆಂಬ ಭಯ. “ಪುಸ್ತಕದಲ್ಲಿ ಹಾಗೇ ಇದೆ ಮಾಮ” ಎಂದುಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂ” ಎಂದ. ಮುಂದಿನ ಸೋಮವಾರ ಗುಡಿಯಲ್ಲಿ ಆ ವಚನವನ್ನು ಹಾಡಿದಾಗ ಸರಿಯಾಗಿ ಅದೇ ಜಾಗದಲ್ಲಿ, ಕರ್ತೃವಿಗೂ ಕ್ರಿಯೆಗೂ ನಡುವೆ, ನಿಂತು ಉಸಿರು ತೆಗೆದುಕೊಂಡ. ಊರೂ ನಿಂತಿತು. ಕಣ್ಣಿಲ್ಲದವನಿಗೆ ಇಲ್ಲದ್ದನ್ನು ಇದೆಯೆಂದು ಓದಿ ಹೇಳಿದೆನಲ್ಲ ಎಂಬ ಮುಳ್ಳು ಅಂದು ನೆಟ್ಟಿದ್ದು, ನಾನು ವ್ಯಾಕರಣ ಕಲಿತು, ಇತರರಿಗೆ ಕಲಿಸಿ, ತಲೆ ನರೆತರೂ ಹೊರಬರಲಿಲ್ಲ.

ಮಾಮನಿಗೆ ಈ ವಿದ್ಯೆ ಬಂದದ್ದು ಗದಗಿನಿಂದ. ೧೯೬೨ರಲ್ಲಿ, ಹನ್ನೊಂದು ವರ್ಷದವನಿದ್ದಾಗ, ಅವನ ಸೋದರಮಾವ ಅವನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಯ ದಾರಿ ಹಿಡಿದನಂತೆ. ಅರಬೈಲು ಘಟ್ಟ ಹತ್ತುವಾಗ ಎರಡೂ ಕಿವಿ ಗಪ್ಪೆಂದು ಮುಚ್ಚಿಕೊಂಡವು. “ಕಣ್ಣಂತೂ ಇಲ್ಲ, ಕಿವಿಯೂ ಹೋಯಿತಲ್ಲ ಅಂತ ಯಲ್ಲಾಪುರದವರೆಗೂ ಅತ್ತೆ” ಎಂದು ಮಾಮ ನಗುತ್ತ ಹೇಳುತ್ತಿದ್ದ. ಹುಬ್ಬಳ್ಳಿಯಿಂದ ರೈಲು. ಗದಗಿನಲ್ಲಿ ಇಳಿದು ವೀರೇಶ್ವರ ಪುಣ್ಯಾಶ್ರಮದ ಅಂಗಳಕ್ಕೆ ಕಾಲಿಟ್ಟಾಗ ಅವನಿಗೆ ಕೇಳಿಸಿದ್ದು ಒಂದು ಮೂಲೆಯಲ್ಲಿ ತಬಲಾ, ಇನ್ನೊಂದು ಮೂಲೆಯಲ್ಲಿ ಪಿಟೀಲು, ಮತ್ತೊಂದರಲ್ಲಿ ಸರಿಗಮ, ಎಲ್ಲ ಒಮ್ಮೆಗೇ. ಸಂತೆಯೆಂದುಕೊಂಡನಂತೆ. ಆ ಸಂತೆಯಲ್ಲಿ ಹದಿಮೂರು ವರ್ಷ ಇದ್ದ.

ಆ ಆಶ್ರಮದ ಕತೆಯನ್ನು ನಮ್ಮ ಪಟ್ಟಣದ ಓದುಗರು ಚಲನಚಿತ್ರದಿಂದ ಬಲ್ಲರು. ೧೯೯೫ರ ಆ ಚಿತ್ರಕ್ಕೆ ಹಾಡಿ ಬಾಲಸುಬ್ರಹ್ಮಣ್ಯಂ ಅವರು ರಾಷ್ಟ್ರಪ್ರಶಸ್ತಿ ಪಡೆದದ್ದು ಎಲ್ಲರಿಗೂ ನೆನಪಿರಬಹುದು. ಆದರೆ ಕತೆಯ ತಿರುಳು ಚಿತ್ರಕ್ಕಿಂತ ಸರಳ, ಚಿತ್ರಕ್ಕಿಂತ ಕಠಿಣ. ಪಂಚಾಕ್ಷರಿ ಗವಾಯಿಗಳು ೧೮೯೨ರಲ್ಲಿ ಹಾನಗಲ್ಲು ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ದೃಷ್ಟಿಯಿಲ್ಲ, ಅಣ್ಣನಿಗೂ ಇಲ್ಲ. ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು ಹುಡುಗನ ಕಂಠವನ್ನು ಗುರುತಿಸಿ ಪೊರೆದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಅಭ್ಯಾಸವಾಯಿತು. ಅನಂತರ ನೀಲಕಂಠಬುವಾ ಮಿರಜಕರರಲ್ಲಿಯೂ ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರಲ್ಲಿಯೂ ಹಿಂದೂಸ್ತಾನಿ ಕಲಿತರು. ಮುಸಲ್ಮಾನ ಉಸ್ತಾದರ ಗಾಯಕಿ ವೀರಶೈವ ಸಾಧಕನ ಕಂಠದಲ್ಲಿ ವಚನವಾಗಿ ಹೊರಬಂದದ್ದು ಹೀಗೆ. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಜನರ ಬಾಯಿಗೆ ತಂದವರಲ್ಲಿ ಅವರು ಮೊದಲಿಗರು.

ಇಷ್ಟಾದ ಮೇಲೆ ಅವರು ಸಭೆಗಳಲ್ಲಿ ಹಾಡಿ ಶಾಲು ಹೊದೆಯಿಸಿಕೊಂಡು ಇರಬಹುದಾಗಿತ್ತು. ಅದನ್ನು ಬಿಟ್ಟು ಕಣ್ಣಿಲ್ಲದ ಮಕ್ಕಳನ್ನೂ ತಾಯಿತಂದೆಯಿಲ್ಲದ ಮಕ್ಕಳನ್ನೂ ಕಟ್ಟಿಕೊಂಡು ಊರಿಂದೂರಿಗೆ ನಡೆದರು. ಅವರದು ನಡೆದಾಡುವ ಪಾಠಶಾಲೆ. ಭಿಕ್ಷೆ ಬೇಡಿ ಅನ್ನ ಹಾಕಿದರು, ಅನ್ನದ ಜೊತೆಗೆ ಸ್ವರ ಹಾಕಿದರು. ಕೊನೆಗೆ ಗದಗಿನಲ್ಲಿ ಅದು ನೆಲೆನಿಂತಿತು. ೧೯೩೬ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಅವರ ಶಿಷ್ಯ ಬಸವರಾಜ ರಾಜಗುರು ಮೊದಲ ಬಾರಿ ದೊಡ್ಡ ಸಭೆಯ ಮುಂದೆ ಹಾಡಿದರು. ತಬಲಾ ಸಾಥಿಗೆ ಕುಳಿತವರು ಗುರುಗಳೇ. ಗುರು ಪಕ್ಕಕ್ಕೆ ಸರಿದು ಶಿಷ್ಯನಿಗೆ ತಾಳ ಹಿಡಿದ ಆ ದೃಶ್ಯ ಆ ಪಾಠಶಾಲೆಯ ಪಠ್ಯಕ್ರಮವನ್ನೆಲ್ಲ ಹೇಳಿಬಿಡುತ್ತದೆ.

೧೯೪೪ರಲ್ಲಿ ಅವರು ಲಿಂಗೈಕ್ಯರಾದಾಗ ಭಾರ ಬಿದ್ದದ್ದು ಪುಟ್ಟರಾಜ ಗವಾಯಿಗಳ ಹೆಗಲಿಗೆ. ೧೯೧೪ರಲ್ಲಿ ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ ಹುಟ್ಟಿದ ಅವರಿಗೆ ಹಾಲುಗೂಸಿನಲ್ಲೇ ದೃಷ್ಟಿ ಹೋಗಿತ್ತು. ಅವರನ್ನು ಗುರುವಿನ ಬಳಿಗೆ ತಂದು ಬಿಟ್ಟವರೂ ಸೋದರಮಾವನೇ. ಕನ್ನಡನಾಡಿನ ಸಂಗೀತದ ಇತಿಹಾಸವನ್ನು ಬರೆಯುವವರು ಸೋದರಮಾವಂದಿರಿಗೆ ಒಂದು ಅಧ್ಯಾಯವನ್ನು ಮೀಸಲಿಡಬೇಕು. ಪುಟ್ಟರಾಜರು ಹಾಡುಗಾರರು, ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳ ವಾದಕರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದ ಪಂಡಿತರು, ಬಸವಪುರಾಣವನ್ನು ಹಿಂದಿಗೆ ತಂದವರು. ಆಶ್ರಮದ ಒಲೆ ಉರಿಯಲೆಂದು ನಾಟಕ ಮಂಡಳಿ ಕಟ್ಟಿ, ನಾಟಕ ಬರೆದು, ಆಡಿಸಿದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದಿಂದ ತೂಗುತ್ತಿದ್ದರು. ಆ ನಾಣ್ಯ ಮಕ್ಕಳ ರೊಟ್ಟಿಯಾಗುತ್ತಿತ್ತು. ಹೀಗೆ ಅರುವತ್ತಾರು ವರ್ಷ. ೨೦೧೦ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷದ ಸೆಪ್ಟೆಂಬರ್ ೧೭ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಂದು ದೇಶವೆಲ್ಲ ಕೇಳುವ ವೆಂಕಟೇಶಕುಮಾರರು ೧೯೬೮ರಲ್ಲಿ ಆ ಅಂಗಳಕ್ಕೆ ಬಂದು ಹನ್ನೆರಡು ವರ್ಷ ಅಲ್ಲಿ ಕಲಿತವರು. ಮಾಮ ಅವರಿಗಿಂತ ಆರು ವರ್ಷ ಮೊದಲು ಬಂದವನು. “ಒಂದೇ ಅಂಗಳದ ನೀರು ಕುಡಿದೆವು, ಅವರು ಗಂಗೆಯಾದರು, ನಾನು ಗಂಗಾವಳಿಯಾದೆ” ಎಂದು ನಮ್ಮ ತಾಲೂಕಿನ ಹೊಳೆಯನ್ನು ನೆನೆದು ಹೇಳುತ್ತಿದ್ದ. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಗಂಗಾವಳಿಯ ದಂಡೆಯಲ್ಲಿಯೂ ಜನಕ್ಕೆ ಬಾಯಾರುತ್ತದೆಯಲ್ಲ!

ಮಾಮನ ಬದುಕಿಗೆ ಹೆಸರೇನು ಎಂದು ನನಗೆ ಬಹಳ ದಿನ ತಿಳಿಯಲಿಲ್ಲ. ಅವನು ಕಚೇರಿ ಮಾಡುವ ಗಾಯಕನಲ್ಲ. ಅರ್ಚಕನಲ್ಲ. ಕೀರ್ತನಕಾರನೂ ಅಲ್ಲ. ಜನಗಣತಿಯವರು ಬಂದಾಗ ‘ಉದ್ಯೋಗ’ ಎಂಬ ಮನೆಯಲ್ಲಿ ಏನು ಬರೆಸಬೇಕೆಂದು ನನ್ನ ತಾಯಿ ಪ್ರತಿ ಸಲವೂ ತೊಡಕಿಗೆ ಸಿಕ್ಕುತ್ತಿದ್ದಳು. ಆ ಹೆಸರು ನನಗೆ ಸಿಕ್ಕಿದ್ದು, ಎಲ್ಲಿ ಅಂತೀರಿ, ಮುಂಬಯಿಯ ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ.

೨೦೧೯ರಲ್ಲಿ ವಿಚಾರಸಂಕಿರಣವೊಂದಕ್ಕೆಂದು ಮುಂಬಯಿಗೆ ಹೋದವನು ಬಿಡುವಿನ ಮಧ್ಯಾಹ್ನ ಮಸ್ಜಿದ್ ಬಂದರ್ ನಿಲ್ದಾಣದ ಬಳಿಯ ಸ್ಯಾಮ್ಯುಯೆಲ್ ಬೀದಿಗೆ ಹೋದೆ. ಹೋಗುವುದಕ್ಕೆ ಒಂದು ಕನ್ನಡ ಕಾರಣವಿತ್ತು. ಅಲ್ಲಿರುವ ‘ಶಾರ್ ಹರಹಮೀಮ್’, ಎಂದರೆ ‘ಕರುಣೆಯ ಬಾಗಿಲು’ ಎಂಬ ಮಂದಿರವನ್ನು ೧೭೯೬ರಲ್ಲಿ ಸ್ಥಾಪಿಸಿದ ಸ್ಯಾಮ್ಯುಯೆಲ್ ದಿವೇಕರ ಎಂಬಾತ ಕುಂಪಣಿಯ ಸೇನೆಯಲ್ಲಿದ್ದು ಟೀಪುವಿನ ಸೆರೆಗೆ ಸಿಕ್ಕಿದ್ದ. ಇವರು ಬನಿ ಇಸ್ರಾಯೇಲರೆಂದು ತಿಳಿದು, ಕುರಾನಿನಲ್ಲಿ ಆ ಹೆಸರನ್ನು ಬಲ್ಲ ಟೀಪುವಿನ ತಾಯಿ ಅವರನ್ನು ಕಾಪಾಡಿದಳೆಂದು ಆ ಜನರಲ್ಲಿ ಒಂದು ಕತೆ ನಡೆದುಬಂದಿದೆ. ಬದುಕಿ ಊರಿಗೆ ಮರಳಿದರೆ ಮಂದಿರ ಕಟ್ಟುವೆನೆಂದು ಹೊತ್ತ ಹರಕೆಯ ಫಲ ಆ ಕಟ್ಟಡ. ನಮ್ಮ ಕಾರವಾರದಿಂದ ಬಡಗಣಕ್ಕೆ ಇದೇ ಕಡಲಿನ ದಂಡೆಯಲ್ಲಿ, ಕೊಂಕಣದ ಹಳ್ಳಿಗಳಲ್ಲಿ ಗಾಣ ತಿರುಗಿಸಿ ಎಣ್ಣೆ ತೆಗೆಯುತ್ತಿದ್ದ ಜನ ಈ ಬೆನೆ ಇಸ್ರೇಲರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆಂದು ಅವರಿಗೆ ಹೆಸರು. ಮನೆಮಾತು ಮರಾಠಿ. ಶತಮಾನಗಳ ಕಾಲ ಹೊರಗಿನವರ ಸಂಪರ್ಕ ತಪ್ಪಿ, ಹೀಬ್ರೂ ಪ್ರಾರ್ಥನೆಗಳಲ್ಲಿ ಕೆಲವು ಮಾತುಗಳು ಮಾತ್ರ ಅವರ ಬಾಯಲ್ಲಿ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಚ್ಚಿಯ ಯೆಹೂದ್ಯರು ಇದೇ ಕಡಲ ದಾರಿಯಲ್ಲಿ ಹೋಗಿ ಅವರಿಗೆ ಪ್ರಾರ್ಥನೆಯನ್ನೂ ಅದರ ರಾಗವನ್ನೂ ಮತ್ತೆ ಕಲಿಸಿದರು. ಹಾಗೆ ಕಲಿಸಿದವರಿಗೆ, ಮುಂದೆ ನಿಂತು ಹಾಡಿಸಿದವರಿಗೆ, ‘ಹಜ್ಜಾನ್’ ಎಂದು ಹೆಸರು. ಬೆನೆ ಇಸ್ರೇಲರಾದರೂ ಕಲಿತು ಸುಮ್ಮನಾಗಲಿಲ್ಲ. ಮರಾಠಿ ನೆರೆಹೊರೆಯವರನ್ನು ನೋಡಿ, ಅದೇ ಶತಮಾನದ ಕೊನೆಯ ಹೊತ್ತಿಗೆ ತಮ್ಮ ಧರ್ಮಗ್ರಂಥದ ಕತೆಗಳನ್ನು ಮರಾಠಿ ಕೀರ್ತನೆಗಳಾಗಿ ಕಟ್ಟಿ ಹಾಡಿದರು.

ಮಂದಿರವನ್ನು ತೋರಿಸಿದ ಹಿರಿಯರು ಸುರುಳಿಯ ವಿಷಯ ಹೇಳಿದರು. ತೋರಾ ಎಂಬ ಧರ್ಮಗ್ರಂಥವನ್ನು ಚರ್ಮದ ಸುರುಳಿಯ ಮೇಲೆ ಕೈಯಿಂದ ಬರೆಯುತ್ತಾರೆ. ಅದರಲ್ಲಿ ವ್ಯಂಜನಗಳಿವೆ, ಸ್ವರಚಿಹ್ನೆಗಳಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಏರಬೇಕು ಎಂಬ ರಾಗದ ಗುರುತುಗಳೂ ಇಲ್ಲ. ಓದುವವನು ಅವೆಲ್ಲವನ್ನೂ ಮೊದಲೇ ಬಾಯಿಪಾಠ ಮಾಡಿಕೊಂಡು ಬರಬೇಕು. ಕಣ್ಣಿದ್ದವನಿಗೂ ಅಲ್ಲಿ ಕಣ್ಣು ಸಾಲದು! ದಿನದ ಪ್ರಾರ್ಥನೆಗೆ ಒಂದು ಧಾಟಿ, ಶನಿವಾರದ ಸಬ್ಬತ್ತಿಗೆ ಒಂದು, ಹಬ್ಬಕ್ಕೆ ಇನ್ನೊಂದು. ನಮ್ಮ ರಾಗಗಳಿಗೆ ಹೊತ್ತುಗೊತ್ತು ಇರುವ ಹಾಗೆ. ಹತ್ತು ಮಂದಿ ಸೇರದೆ ಸಾಮೂಹಿಕ ಪ್ರಾರ್ಥನೆಯಿಲ್ಲ. ೧೯೪೮ರಲ್ಲಿ ಇಸ್ರೇಲ್ ಆದ ಮೇಲೆ ಮನೆಮನೆಗಳೇ ಅತ್ತ ಹೋದವು. ಈಗ ಕೆಲವು ದಿನ ಹತ್ತು ಸೇರಿಸುವುದೇ ಕಷ್ಟವೆಂದರು. ಮಾಮ ಕಾಲಸಪ್ಪಳ ಎಣಿಸುತ್ತಿದ್ದುದು ನನಗೆ ನೆನಪಾಯಿತು.

“ಹಜ್ಜಾನ್ ಎಂದರೆ ಗಾಯಕನೋ, ಪುರೋಹಿತನೋ?” ಎಂದು ಕೇಳಿದೆ. ಎರಡೂ ಅಲ್ಲವೆಂದರು. ಪ್ರಾರ್ಥನೆಯ ಹೊತ್ತಿನಲ್ಲಿ ಅವನಿಗೆ ಇರುವ ಹೆಸರಿನ ಅರ್ಥ ‘ಸಭೆಯ ದೂತ’. ಎಲ್ಲರೂ ಹೇಳಬೇಕಾದ್ದನ್ನು ಎಲ್ಲರ ಪರವಾಗಿ ಒಯ್ದು ಮುಟ್ಟಿಸುವವನು. ಹೇಳಲು ಬಾರದವನು ‘ಆಮೆನ್’ ಎಂದರೆ ಸಾಕು, ಅವನದೂ ಸಂದಿತು. ನನ್ನ ತಾಯಿ ಜನಗಣತಿಯವರಿಗೆ ಹೇಳಲಾರದ ಮಾತನ್ನು ಅಪರಿಚಿತ ಹಿರಿಯರೊಬ್ಬರು ಮುಂಬಯಿಯ ಸಂದಿಯಲ್ಲಿ ನನ್ನ ಕೈಗಿಟ್ಟರು.

ಊರಿಗೆ ಬಂದು ಇನ್ನಷ್ಟು ಓದಿದೆ. ಯುರೋಪಿನ ಯೆಹೂದ್ಯರಲ್ಲಿ ಹಜ್ಜಾನರ ವಿದ್ಯೆ ಹಿರಿಯನ ಬಾಯಿಂದ ಕಿರಿಯನ ಕಿವಿಗೆ, ಮಂದಿರದಲ್ಲಿ ಪಕ್ಕದಲ್ಲಿ ನಿಂತು, ಹರಿದುಬರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಆ ಹಿರಿಯರನ್ನೂ ಕಿರಿಯರನ್ನೂ ಮಂದಿರಗಳನ್ನೂ ಒಟ್ಟಿಗೆ ಸುಟ್ಟುಹಾಕಿದರು. ಇನ್ನು ಪಕ್ಕದಲ್ಲಿ ನಿಂತು ಕಲಿಯಲು ಪಕ್ಕವೇ ಉಳಿಯಲಿಲ್ಲ. ಆಗ, ೧೯೪೮ರಲ್ಲಿ, ಅಮೆರಿಕದ ಹೀಬ್ರೂ ಯೂನಿಯನ್ ಕಾಲೇಜಿನವರು ನ್ಯೂಯಾರ್ಕಿನಲ್ಲಿ ಪವಿತ್ರ ಸಂಗೀತದ ಶಾಲೆಯೊಂದನ್ನು ತೆರೆದು ಹಜ್ಜಾನರನ್ನು ತಯಾರು ಮಾಡತೊಡಗಿದರು. ಹಾಡುವವನು ಪಂಡಿತನೂ ಆಗಬೇಕು, ಪಂಡಿತನು ಕಲಿಸುವವನೂ ಆಗಬೇಕು. ಇಲ್ಲದಿದ್ದರೆ ಹಾಡು ಒಂದು ತಲೆಮಾರಿಗೆ ಮುಗಿಯುತ್ತದೆ ಎಂಬುದನ್ನು ಅವರು ಸಾವಿನಿಂದ ಕಲಿತರು. ಅದಕ್ಕೆ ನಾಲ್ಕು ವರ್ಷ ಮೊದಲೇ ಗದಗಿನಲ್ಲಿ ಕಣ್ಣಿಲ್ಲದ ಮೂವತ್ತರ ತರುಣರೊಬ್ಬರು ಗುರುವಿನ ಪೀಠದ ಜೊತೆಗೆ ಹಸಿದ ಮಕ್ಕಳನ್ನೂ ವಹಿಸಿಕೊಂಡು ಅದೇ ಕೆಲಸಕ್ಕೆ ಕುಳಿತಿದ್ದರು. ಇವರು ಅವರ ಹೆಸರು ಕೇಳಿರಲಾರರು, ಅವರು ಇವರದನ್ನೂ.

ನಮ್ಮ ಅಂಕೋಲೆಗೂ ಇದು ಹೊಸ ಪಾಠವಲ್ಲ. ಬಡಗೇರಿಯ ಹಾಲಕ್ಕಿ ಅಜ್ಜಿ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ೨೦೧೭ರಲ್ಲಿ ಪದ್ಮಶ್ರೀ ಬಂತು. ೨೦೨೫ರಲ್ಲಿ ಅವರು ತೀರಿಕೊಂಡಾಗ, ಎಷ್ಟು ಹಾಡು ಅವರೊಡನೆ ಹೋಯಿತೋ ಎಂದು ಎಲ್ಲರೂ ಮರುಗಿದೆವು. ಮರುಗುವುದರಲ್ಲಿ ನಾವು ನಿಪುಣರು. ಕಲಿಯಲು ಹೋದವರೆಷ್ಟು ಎಂದು ಕೇಳಿದರೆ ನಾನೂ ತಲೆ ತಗ್ಗಿಸಬೇಕು.

ಒಮ್ಮೆ ನಾನು ಧಾರವಾಡದಿಂದ ಬರುವಾಗ ಸ್ನೇಹಿತನಿಂದ ಟೇಪ್ ರೆಕಾರ್ಡರ್ ಎರವಲು ತಂದಿದ್ದೆ. ಮಾಮ ಹಾಡಿದ. ಮರಳಿ ಕೇಳಿಸಿದೆ. ತಲೆ ವಾಲಿಸಿ ಕೊನೆಯವರೆಗೂ ಕೇಳಿ, “ಒಳ್ಳೇ ಯಂತ್ರ. ಹಾಡುತ್ತದೆ. ಆದರೆ ತಿದ್ದುವುದಿಲ್ಲವಲ್ಲ ತಮಾ” ಎಂದ. ಕೇರಿಯ ಮಕ್ಕಳು ಬಂದರೆ ದುಡ್ಡು ಕೇಳದೆ ಕಲಿಸುತ್ತಿದ್ದ. ಪೇಟಿ ದುರಸ್ತಿ, ಸತ್ಯನಾರಾಯಣ ಪೂಜೆಯ ಭಜನೆ, ಇವುಗಳಿಂದ ಬಂದದ್ದು ಅವನ ಖರ್ಚಿಗೆ ಸಾಕಾಗುತ್ತಿತ್ತು. ಸಾಲದಿದ್ದರೆ ನನ್ನ ತಾಯಿಯ ಅಡಿಗೆಮನೆ ಇದ್ದೇ ಇತ್ತು. ೨೦೧೭ರ ಮಳೆಗಾಲದಲ್ಲಿ ಎರಡು ದಿನದ ಜ್ವರದಲ್ಲಿ ಹೋದ.

ಶ್ರಾವಣ ಸೋಮವಾರ ಬಂತು. ಗುಡಿಯ ಹಿರಿಯರು ನಮ್ಮ ಮನೆಗೆ ಬಂದು, “ನೀವೇ ನಡೆಸಿಕೊಡಬೇಕು ಮಾಸ್ತರರೇ, ನಿಮಗಲ್ಲದೆ ಇನ್ನಾರಿಗೆ ಬರುತ್ತದೆ?” ಎಂದರು. ಬರುತ್ತಿತ್ತು, ಅಕ್ಷರ ಅಕ್ಷರವೂ ಬರುತ್ತಿತ್ತು. ಆದರೆ ಕಾಲೇಜಿನ ಅಧ್ಯಾಪಕನೊಬ್ಬ ಅಪಸ್ವರದಲ್ಲಿ ಹಾಡಿದರೆ ಊರು ನಗುವುದಿಲ್ಲವೆ? ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಹಿಡಿದುಬಿಟ್ಟರೆ? “ನನಗೆ ಕಂಠವಿಲ್ಲ” ಎಂದೆ. ದೂತನಾಗಲು ಕಂಠಕ್ಕಿಂತ ಮೊದಲು ಬೇಕಾದ್ದು ನಾಚಿಕೆ ಬಿಡುವುದು ಎಂಬುದು ಆಗ ಹೊಳೆಯಲಿಲ್ಲ. ಮುಂದಿನ ತಿಂಗಳು ಯಂತ್ರ ಬಂತು. ಜಮಖಾನೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದರು.

ನವೆಂಬರ್ ತಿಂಗಳೆಂದರೆ ಕನ್ನಡ ಅಧ್ಯಾಪಕರಿಗೆ ಸುಗ್ಗಿ. ಕಳೆದ ವರ್ಷ ಕಾರವಾರದ ಹತ್ತಿರದ ಪ್ರಾಥಮಿಕ ಶಾಲೆಯೊಂದಕ್ಕೆ ರಾಜ್ಯೋತ್ಸವದ ಅತಿಥಿಯಾಗಿ ಹೋಗಿದ್ದೆ. ನಾಲ್ಕನೆಯ ತರಗತಿಯ ಹುಡುಗಿ, ಮನೆಯಲ್ಲಿ ಕೊಂಕಣಿ ಆಡುವ ಮಗು, ಕೈಕಟ್ಟಿ ನಿಂತು ವಚನವೊಂದನ್ನು ಎತ್ತಿಕೊಂಡಳು. ನಾನು ಭಾಷಣದ ಚೀಟಿ ನೋಡುತ್ತಿದ್ದವನು ತಲೆ ಎತ್ತಿದೆ. ರಾಗ ಪರಿಚಿತ. ಕರ್ತೃಪದ ಬಂತು. ಹುಡುಗಿ ನಿಂತಳು. ನಿಲ್ಲಬಾರದ ಜಾಗದಲ್ಲಿ, ಮುದ್ದಾಂ, ಎದೆ ತುಂಬ ಉಸಿರು ತೆಗೆದುಕೊಂಡು, ಆಮೇಲೆ ಕ್ರಿಯಾಪದಕ್ಕೆ ಬಂದಳು. ನನ್ನ ಕೈಯೊಳಗಿನ ಚೀಟಿ ನಡುಗಿತು. ನನ್ನ ಸುಳ್ಳು ನಡೆಯುತ್ತ ನಡೆಯುತ್ತ ಅಂಕೋಲೆಯಿಂದ ಇಲ್ಲಿಯವರೆಗೆ ಬಂದು, ಒಂದು ಮಗುವಿನ ಬಾಯಲ್ಲಿ ಕುಳಿತಿದೆ!

ಸಭೆ ಮುಗಿದ ಮೇಲೆ ಹಾಡು ಕಲಿಸಿದ ಶಿಕ್ಷಕಿಯನ್ನು ಹುಡುಕಿದೆ. ಎದುರಿಗೆ ‘ಸರ್’ ಎನ್ನುತ್ತಿದ್ದವಳು ಹತ್ತಿರ ಬಂದೊಡನೆ “ಅಣ್ಣಾ, ಗುರುತು ಸಿಗಲಿಲ್ಲವೆ?” ಎಂದಳು. ನಮ್ಮ ಹಿಂದಿನ ಕೇರಿಯ ಹುಡುಗಿ. ನಾನು ಧಾರವಾಡಕ್ಕೆ ಹೋದ ಮೇಲೆ ಮಾಮನ ಬಳಿ ಎಂಟೊಂಬತ್ತು ವರ್ಷ ಕಲಿತವಳಂತೆ. ನಾನು ತಡಮಾಡಲಿಲ್ಲ. ಯಂತ್ರ ತಿದ್ದುವುದಿಲ್ಲ, ಮನುಷ್ಯನಾದವನು ತಿದ್ದಬೇಕಲ್ಲ! “ತಂಗೀ, ಆ ವಚನದಲ್ಲಿ ಒಂದು ತಪ್ಪಿದೆ. ಅದು ನನ್ನದು. ಪುಸ್ತಕದಲ್ಲಿ ಅಲ್ಲಿ ನಿಲುಗಡೆ ಇಲ್ಲ...” ಎಂದು ಮೊದಲಿನಿಂದ ಹೇಳತೊಡಗಿದೆ.

ಅವಳು ನಗಲು ಸುರುಮಾಡಿದಳು. “ಗೊತ್ತಲ್ಲ ಅಣ್ಣಾ! ಗುರುಗಳೇ ಹೇಳಿಕೊಡುವಾಗ ಹೇಳಿದ್ದರು. ‘ಇಲ್ಲಿ ನನ್ನ ಅಳಿಯ ಹಾಳೆ ಬಿಡಿಸಿದ. ಅರ್ಥಕ್ಕೆ ತಪ್ಪು, ಪರೀಕ್ಷೆಯಲ್ಲಿ ಹೀಗೆ ಬರೆಯಬೇಡಿ. ಹಾಡುವಾಗ ಮಾತ್ರ ನಿಲ್ಲಿ. ಅವನು ಓದದಿದ್ದರೆ ಈ ವಚನ ನನಗೆಲ್ಲಿತ್ತು?’ ಅಂತ. ನಾನೂ ಮಕ್ಕಳಿಗೆ ಹಾಗೇ ಹೇಳಿಕೊಟ್ಟಿದ್ದೇನೆ.”

ಕಾಲಸಪ್ಪಳದಿಂದ ಊರನ್ನೆಲ್ಲ ಎಣಿಸುತ್ತಿದ್ದವನಿಗೆ ಒದ್ದೆ ಹಾಳೆ ಬಿಡಿಸುವ ಸದ್ದು ಕೇಳಿಸದೆ ಇದ್ದೀತೆ? ಇಷ್ಟು ವರ್ಷ ಇದು ನನಗೇಕೆ ಹೊಳೆಯಲಿಲ್ಲವೋ! ಕಣ್ಣಿದ್ದವನ ಬುದ್ಧಿ ಇಷ್ಟೇ.

ಆ ಶಿಕ್ಷಕಿ ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಹಾಡಿಸುತ್ತಾಳೆ. ಹೊಸ ವಚನ ಕಲಿಸಬೇಕು, ಬಿಡಿಸಿ ಓದಿ ಹೇಳುವವರು ಬೇಕು, ನೀವು ಬಂದರೆ ಆಗುತ್ತಿತ್ತು ಎಂದಳು. ಈಗ ಹೋಗುತ್ತಿದ್ದೇನೆ. ಒಂದು ಸಲ ಅರ್ಥಕ್ಕೆ, ಒಂದು ಸಲ ಅಕ್ಷರಕ್ಕೆ, ಒಂದು ಸಲ ಉಸಿರಿಗೆ. ಮಕ್ಕಳು ಎತ್ತಿಕೊಂಡಾಗ ಹಿಂದಿನಿಂದ ನಾನೂ ದನಿಗೂಡಿಸುತ್ತೇನೆ. ಅಪಸ್ವರವೇ. ಮುಂದಿನ ಸಾಲಿನ ಹುಡುಗಿ ಒಮ್ಮೊಮ್ಮೆ ತಿರುಗಿ ನೋಡುತ್ತಾಳೆ. ಮೊನ್ನೆ ಒಂದು ಸಲ ತಿದ್ದಿಯೂ ತಿದ್ದಿದಳು.